ಉದ್ದ ಬೆನ್ನಿನ ಹಳೇ ಕಾರು ಕೊಳ್ಳುವ ಮುನ್ನ

ಹಿಂದಿನ ಸೀಟು ಮಡಚಿದರೆ ಒಂದು ತಂಬೂರಿ, ಹಾರ್ಮೋನಿಯಂ, ತಬಲಾ ಜೋಡಿ, ಜೊತೆಗೆ ಎರಡು ಸೂಟ್‌ಕೇಸು ಸಲೀಸಾಗಿ ಹಿಡಿಸುವಂಥ ಕಾರುಗಳು ನಮ್ಮ ದೇಶದಲ್ಲೂ ತಯಾರಾಗುತ್ತಿದ್ದವು. 1992ರಲ್ಲಿ ಟಾಟಾ ಎಸ್ಟೇಟ್ ಬಂತು. ಶತಮಾನದ ತಿರುವಿನ ಆಸುಪಾಸಿನ ವರ್ಷಗಳಲ್ಲಿ ಮಾರುತಿಯ ಬಲೆನೊ ಅಲ್ಟೂರಾ, ಫಿಯಟ್‌ನ ಸಿಯೆನಾ ವೀಕೆಂಡ್, ಓಪೆಲ್ ಕೋರ್ಸಾ ಸ್ವಿಂಗ್, ಸ್ಕೋಡಾ ಆಕ್ಟೇವಿಯಾ ಕಾಂಬಿ ರಸ್ತೆಗಿಳಿದವು. 2004ರಲ್ಲಿ ಟಾಟಾದ ಇಂಡಿಗೊ ಮರಿನಾ ಸೇರಿಕೊಂಡಿತು. ಚಾವಣಿ ಹಿಂಬಾಗಿಲಿನವರೆಗೂ ನೇರವಾಗಿ ಸಾಗುವ ಇಂಥ ಕಾರಿಗೆ ಸ್ಟೇಷನ್ ವ್ಯಾಗನ್ ಅಥವಾ ಎಸ್ಟೇಟ್ ಎನ್ನುತ್ತಾರೆ. ಇವುಗಳಲ್ಲಿ ಒಂದೂ ಇಂದು ಹೊಸದಾಗಿ ಸಿಗುವುದಿಲ್ಲ.

ಅವು ಸೋತದ್ದು ಗುಣ ಕಡಿಮೆಯಾಗಿ ಅಲ್ಲ. ಪ್ರತ್ಯೇಕ ಡಿಕ್ಕಿ ಎದ್ದು ಕಂಡರೆ ಮಾತ್ರ ದೊಡ್ಡ ಕಾರು ಎಂಬ ಭಾವನೆ ನಮ್ಮಲ್ಲಿ ಬಲವಾಗಿತ್ತು. ಉದ್ದ ಚಾವಣಿ ನೋಡಿದವರಿಗೆ ಆಂಬುಲೆನ್ಸ್ ನೆನಪಾಗುತ್ತಿತ್ತು. 2000ದಲ್ಲಿ ಕ್ವಾಲಿಸ್, 2005ರಲ್ಲಿ ಇನ್ನೋವಾ ಮೂರನೇ ಸಾಲಿನ ಸೀಟು ಕೊಟ್ಟಾಗ ದೊಡ್ಡ ಸಂಸಾರಗಳು ಅತ್ತ ಹೋದವು. 2006ರ ಬಜೆಟ್‌ನಲ್ಲಿ ನಾಲ್ಕು ಮೀಟರ್‌ಗಿಂತ ಗಿಡ್ಡದಾದ, ಸಣ್ಣ ಎಂಜಿನ್ನಿನ ಕಾರುಗಳ ಅಬಕಾರಿ ಸುಂಕ ಶೇ 24ರಿಂದ ಶೇ 16ಕ್ಕೆ ಇಳಿಯಿತು. ನಾಲ್ಕು ಮೀಟರ್ ದಾಟಿದ್ದ ಮರಿನಾದಂಥ ಕಾರಿಗೆ ಆ ಲಾಭ ದಕ್ಕಲಿಲ್ಲ. ಅದೇ ವರ್ಷ ಓಪೆಲ್ ಹೆಸರೂ ಭಾರತದಿಂದ ಮರೆಯಾಯಿತು.

ಹಾಗಾಗಿಯೇ ಇಂದು ಸವೆದ ಮರಿನಾವೊಂದು ಹೊಸ ಸ್ಕೂಟರಿನ ಆಸುಪಾಸಿನ ಬೆಲೆಗೆ ಸಿಗುತ್ತದೆ. ಅದನ್ನು ಕೊಂಡು ಸರಿಮಾಡಿಸಿಕೊಳ್ಳುವವರಿಗೆ ಚೆನ್ನೈನ ಗಿಂಡಿ ಅನುಕೂಲದ ಜಾಗ. ಇಲ್ಲಿನ ಕೈಗಾರಿಕಾ ವಸಾಹತು ಶುರುವಾದದ್ದು 1958ರಲ್ಲಿ. ದೇಶದ ಮೊದಲ ವಸಾಹತುಗಳಲ್ಲಿ ಇದೂ ಒಂದು. ಅಶೋಕ್ ಲೇಲ್ಯಾಂಡ್‌ನ ಕೇಂದ್ರ ಕಚೇರಿ ಇರುವುದೂ ಗಿಂಡಿಯಲ್ಲೇ. ವಸಾಹತಿನಲ್ಲೂ ಪಕ್ಕದ ಈಕ್ಕಾಟುತಾಂಗಲ್‌ನಲ್ಲೂ ಲೇತ್ ಶೆಡ್ಡುಗಳಿವೆ, ವೆಲ್ಡಿಂಗ್, ಪೌಡರ್ ಕೋಟಿಂಗ್ ಮಾಡುವ ಸಣ್ಣ ಘಟಕಗಳಿವೆ. ಪೀಣ್ಯವನ್ನು ಬಲ್ಲ ಕನ್ನಡಿಗರಿಗೆ ಈ ಬೀದಿಗಳ ಸದ್ದು ಹೊಸದಲ್ಲ.

ಅಗ್ಗದ ಕಾರು ಹುಡುಕುವವರು ಸಾಮಾನ್ಯವಾಗಿ ಬಾನೆಟ್ ಎತ್ತಿ ಎಂಜಿನ್ ಸದ್ದಿಗೆ ಕಿವಿಗೊಡುತ್ತಾರೆ. ಇಪ್ಪತ್ತು ವರ್ಷ ಹಳೆಯ ವ್ಯಾಗನ್‌ಗೆ ಈ ಕ್ರಮ ಸರಿಹೋಗುವುದಿಲ್ಲ. ಎಂಜಿನ್ ಕೆಟ್ಟಿದ್ದರೆ ರಿಪೇರಿಗೆ ದಾರಿಯಿದೆ, ಸ್ಪೇರ್ ಸಿಗುತ್ತದೆ, ಕೆಲಸ ಬಲ್ಲವರಿದ್ದಾರೆ. ಬಾಡಿ ತುಕ್ಕು ಹಿಡಿದಿದ್ದರೆ, ದಾಖಲೆ ಕೆಟ್ಟಿದ್ದರೆ ಎಷ್ಟು ಹಣ ಸುರಿದರೂ ಸಾಲದು. ಆದ್ದರಿಂದ ಮೊದಲು ತಗಡು, ಆಮೇಲೆ ಕಾಗದಪತ್ರ, ಕೊನೆಗೆ ಎಂಜಿನ್.

ಸ್ಟೆಪ್ನಿ ಗುಂಡಿ ಹೇಳುವ ಸತ್ಯ

ವ್ಯಾಗನ್‌ನ ಪೂರ್ವಾಪರ ತಿಳಿಯಬೇಕಾದರೆ ಹಿಂಬಾಗಿಲು ತೆರೆಯಬೇಕು. ಬಾಗಿಲನ್ನು ಎತ್ತಿ ಹಿಡಿಯುವ ಗ್ಯಾಸ್ ಶಾಕ್‌ಗಳು ಸೋತಿದ್ದರೆ ಅದು ನಿಲ್ಲದೆ ಕೆಳಗಿಳಿಯುತ್ತದೆ. ಅವನ್ನು ಬದಲಿಸುವುದು ಸುಲಭ. ಬಾಗಿಲಿನ ಸುತ್ತ ಇರುವ ರಬ್ಬರ್ ಬೀಡಿಂಗ್ ಬಿರುಕು ಬಿಟ್ಟಿದ್ದರೆ ಮಾತ್ರ ಹುಷಾರಾಗಬೇಕು. ಮಳೆನೀರು ಅಲ್ಲಿಂದ ಒಳಗಿಳಿದು ಕಾರ್ಪೆಟ್ಟಿನ ಕೆಳಗೆ ಸ್ಟೆಪ್ನಿ ಇಡುವ ಗುಂಡಿಯಲ್ಲಿ ನಿಲ್ಲುತ್ತದೆ. ಸ್ಟೆಪ್ನಿ ಹೊರಗೆ ತೆಗೆದು ಟಾರ್ಚ್ ಬೆಳಕಿನಲ್ಲಿ ಆ ಗುಂಡಿಯ ತಳ ನೋಡಬೇಕು. ಬಣ್ಣ ಉಬ್ಬಿದ ಕಡೆ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿದಾಗ ಟಣ್ ಎಂದರೆ ತಗಡು ಗಟ್ಟಿ. ಮೆತ್ತಗೆ ಒಳಕ್ಕೆ ಹೋದರೆ ತುಕ್ಕು ಆಚೆ ಬದಿಯವರೆಗೂ ತಿಂದಿದೆ.

ಸಮುದ್ರದ ಉಪ್ಪುಗಾಳಿಯ ಊರಿನಲ್ಲಿ ಇದನ್ನು ಹಗುರವಾಗಿ ನೋಡುವಂತಿಲ್ಲ. ಬಾಗಿಲ ಕೆಳಗಿನ ಪಟ್ಟಿ, ಚಕ್ರದ ಕಮಾನು, ಹಿಂದಿನ ಶಾಕ್ ಅಬ್ಸಾರ್ಬರ್ ಕೂರುವ ಜಾಗ, ಈ ಮೂರನ್ನೂ ಕಾರನ್ನು ಲಿಫ್ಟ್ ಮೇಲೆ ಎತ್ತಿಸಿ ನೋಡಬೇಕು. ತೆಳು ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಬಾಡಿಗೆ ಮುಟ್ಟಿಸುತ್ತ ಹೋದರೆ ಎಲ್ಲಿ ಹಿಡಿತ ಸಡಿಲುತ್ತದೋ ಅಲ್ಲಿ ದಪ್ಪಗೆ ಪುಟ್ಟಿ ತುಂಬಿ ಬಣ್ಣ ಹೊಡೆದಿದ್ದಾರೆ ಎಂದರ್ಥ.

ಚೆನ್ನೈ ಕಾರಿಗೆ ಇನ್ನೊಂದು ಪರೀಕ್ಷೆ ಕಡ್ಡಾಯ. 2015ರ ಡಿಸೆಂಬರ್‌ನಲ್ಲಿ ಅಡ್ಯಾರ್ ನದಿ ಉಕ್ಕಿದಾಗ ಈಕ್ಕಾಟುತಾಂಗಲ್, ಜಾಫರ್‌ಖಾನ್‌ಪೇಟೆ, ಸೈದಾಪೇಟೆ ಕಡೆಯ ಮನೆ, ಕಾರ್ಖಾನೆಗಳಿಗೆ ನೀರು ನುಗ್ಗಿತು. ಸಾಲುಸಾಲು ಕಾರುಗಳು ಮುಳುಗಿದವು. 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತ ಮತ್ತೆ ಅದೇ ಗತಿ ತಂದಿತು. ಮುಳುಗಿದ ಕಾರನ್ನು ತೊಳೆದು, ಒಣಗಿಸಿ, ಪಾಲಿಶ್ ಮಾಡಿ ಮಾರುವುದು ಕಷ್ಟವೇನಲ್ಲ. ಆದರೆ ಕೆಸರು ಗುರುತು ಬಿಟ್ಟೇ ಹೋಗಿರುತ್ತದೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಹೊರಗೆಳೆದರೆ ಒಳಗೆ ಸುತ್ತಿಕೊಂಡಿದ್ದ ಭಾಗದಲ್ಲಿ ಕಂದು ಗೆರೆ ಕಾಣಬಹುದು. ಸೀಟಿನ ಹಳಿಯ ಬೋಲ್ಟುಗಳ ತುಕ್ಕು, ಹೆಡ್‌ಲೈಟಿನೊಳಗಿನ ಮಬ್ಬು, ವೈರಿಂಗ್ ಕನೆಕ್ಟರ್ ಪಿನ್ನುಗಳ ಮೇಲಿನ ಹಸಿರು ಪುಡಿ ಕೂಡ ಅದೇ ಕಥೆ ಹೇಳುತ್ತವೆ. ನೆರೆಗೆ ಸಿಕ್ಕಿದ ಕಾರಿನ ವೈರಿಂಗ್ ವರ್ಷಗಟ್ಟಲೆ ಒಂದೊಂದಾಗಿ ಕೈಕೊಡುತ್ತದೆ. ಎಷ್ಟೇ ಅಗ್ಗಕ್ಕೆ ಕೊಟ್ಟರೂ ಅಂಥದ್ದು ಬೇಡ.

ಆರ್‌ಸಿ ಇದ್ದರೆ ಸಾಲದು

ಖಾಸಗಿ ಕಾರಿನ ನೋಂದಣಿಗೆ 15 ವರ್ಷಗಳ ಆಯಸ್ಸು. ಆಮೇಲೆ ಆರ್‌ಟಿಓ ಮುಂದೆ ವಾಹನ ತೋರಿಸಿ, ತಪಾಸಣೆಯಲ್ಲಿ ಪಾಸಾದರೆ ಐದೈದು ವರ್ಷಕ್ಕೆ ನವೀಕರಣ. ದೆಹಲಿಯ ಹಳೆ ವಾಹನಗಳ ನಿರ್ಬಂಧದ ಸುದ್ದಿ ಓದಿದವರು ಚೆನ್ನೈ, ಬೆಂಗಳೂರಿಗೂ ಅದೇ ನಿಯಮ ಎಂದುಕೊಳ್ಳುವುದುಂಟು. ಡೀಸೆಲ್‌ಗೆ 10 ವರ್ಷ, ಪೆಟ್ರೋಲ್‌ಗೆ 15 ವರ್ಷ ಎಂಬ ಆ ಆದೇಶ ಹೊರಟದ್ದು ರಾಷ್ಟ್ರ ರಾಜಧಾನಿ ಪ್ರದೇಶಕ್ಕೆ. ಇಲ್ಲಿ ನವೀಕರಣ ಸಾಧ್ಯ, ಶುಲ್ಕ ಮಾತ್ರ ಏರಿದೆ. 600 ರೂಪಾಯಿ ಇದ್ದ ಕಾರಿನ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. 2025ರ ಆಗಸ್ಟ್‌ನ ತಿದ್ದುಪಡಿಯ ಪ್ರಕಾರ 20 ವರ್ಷ ದಾಟಿದ ಕಾರಿಗೆ 10,000 ರೂಪಾಯಿ. ಮೊದಮೊದಲ ಮರಿನಾಗಳು ಈಗ ಆ ಗೆರೆ ದಾಟಿವೆ. ಇದರ ಮೇಲೆ ಹಸಿರು ತೆರಿಗೆ ಬೇರೆ. ಚೌಕಾಸಿ ಮಾಡುವಾಗ ಈ ಖರ್ಚನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಚಾಸಿ ನಂಬರನ್ನೂ ಎಂಜಿನ್ ನಂಬರನ್ನೂ ಆರ್‌ಸಿಯೊಂದಿಗೆ ಕಣ್ಣಾರೆ ತಾಳೆ ನೋಡಬೇಕು. ಹಳೆ ಡೀಸೆಲ್ ಕಾರುಗಳಲ್ಲಿ ಎಂಜಿನ್ ಬದಲಿಸಿ, ಆರ್‌ಟಿಓದಲ್ಲಿ ದಾಖಲಿಸದೆ ಬಿಟ್ಟಿದ್ದರೆ ನವೀಕರಣದ ದಿನ ತೊಡಕು ಖಂಡಿತ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ ಅದನ್ನು ತೆಗೆಸಲು ಫಾರಂ 35 ಬೇಕು. ಹೆಸರು ಬದಲಾವಣೆಗೆ ಫಾರಂ 29 ಮತ್ತು 30.

ಚೆನ್ನೈನಲ್ಲಿ ಕೊಂಡು ಬೆಂಗಳೂರಿಗೋ ಮೈಸೂರಿಗೋ ಒಯ್ಯುವ ಕನ್ನಡಿಗರು ಇನ್ನೊಂದು ಲೆಕ್ಕ ಹಾಕಬೇಕು. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಮರುನೋಂದಣಿ ಮಾಡಿಸಲೇಬೇಕು. ಅದಕ್ಕೆ ತಮಿಳುನಾಡಿನ ಎನ್‌ಒಸಿ ಬೇಕು, ಕಾರಿನ ವಯಸ್ಸಿಗೆ ತಕ್ಕ ತೆರಿಗೆಯನ್ನು ಕರ್ನಾಟಕದಲ್ಲಿ ಕಟ್ಟಬೇಕು. ಚೆನ್ನೈನಲ್ಲಿ ನೆಲೆಸಿ ಕೆಎ ನಂಬರಿನ ಕಾರು ಕೊಂಡವರಿಗೂ ಇದೇ ನಿಯಮ ತಿರುಗುಮುರುಗಾಗಿ ಅನ್ವಯ.

ಯಾವುದು ಮೊದಲು, ಯಾವುದು ಆಮೇಲೆ

ಎಂಜಿನ್ನನ್ನು ತಣ್ಣಗಿದ್ದಾಗಲೇ ಪರೀಕ್ಷಿಸಬೇಕು. ಮಾರುವವರು ಮೊದಲೇ ಬಿಸಿಮಾಡಿ ಇಟ್ಟಿದ್ದರೆ ಇನ್ನೊಂದು ದಿನ ಬರುವುದು ವಾಸಿ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಬಿಳಿ ಹೊಗೆ ಬಿಡದೆ ಬರುತ್ತಿದ್ದು, ಆಯಿಲ್ ಮುಚ್ಚಳದ ಒಳಗೆ ಕೆನೆಯಂಥ ಪದಾರ್ಥ ಅಂಟಿದ್ದರೆ ನೀರು ಆಯಿಲ್‌ಗೆ ಸೇರುತ್ತಿರುವ ಶಂಕೆ. ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಇಂಥ ಕೆಲಸದಲ್ಲಿ ಗಿಂಡಿಯ ಯಂತ್ರಶಾಲೆಗಳು ಹತ್ತಿರವಿರುವುದೇ ಲಾಭ: ಸೊಟ್ಟಗಾದ ಸಿಲಿಂಡರ್ ಹೆಡ್ ಅನ್ನು ಸಮ ಮಾಡಿಸುವುದಾಗಲಿ, ಸವೆದ ಬ್ರೇಕ್ ಡ್ರಮ್ ಅನ್ನು ಮಿತಿಯೊಳಗೆ ತಿರುವಿಸುವುದಾಗಲಿ ದೂರ ಹೋಗಬೇಕಿಲ್ಲ.

ಕಾರು ಕೈಗೆ ಬಂದ ಕೂಡಲೇ ಬಣ್ಣ ಹೊಡೆಸುವ ಆಸೆ ಸಹಜ. ಬಣ್ಣ ಕೊನೆಗಿರಲಿ. ಮೊದಲ ಹಣ ಬ್ರೇಕಿಗೆ, ಟಯರಿಗೆ, ಸ್ಟೀರಿಂಗ್‌ಗೆ. ಟಯರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳು ಅದರ ವಯಸ್ಸು ಹೇಳುತ್ತವೆ: 2318 ಎಂದಿದ್ದರೆ 2018ರ 23ನೇ ವಾರದ ತಯಾರಿ. ಮೇಲಿನ ಗೀರುಗಳು ಆಳವಾಗಿದ್ದರೂ ಅಂಥ ಹಳೆ ರಬ್ಬರನ್ನು ನಂಬಿ ಹೆದ್ದಾರಿಗೆ ಹೋಗಬಾರದು.

ಎರಡನೆಯದು ಟೈಮಿಂಗ್ ಬೆಲ್ಟ್. ಮರಿನಾದ 1.4 ಲೀಟರ್ ಡೀಸೆಲ್ ಎಂಜಿನ್ ಇಂಡಿಕಾ ಕಾಲದ್ದೇ. ಅದಕ್ಕೆ ಇರುವುದು ಚೈನ್ ಅಲ್ಲ, ಬೆಲ್ಟ್. ಕೊನೆಯ ಬಾರಿ ಬದಲಿಸಿದ ಬಿಲ್ ಕೈಯಲ್ಲಿ ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ತಿಳಿಯಬೇಕು. ಓಡುವಾಗ ಅದು ತುಂಡಾದರೆ ವಾಲ್ವ್‌ಗಳಿಗೆ ಪಿಸ್ಟನ್ ಬಡಿದು, ಉಳಿಸಿದ ಹಣದ ಹಲವು ಪಟ್ಟು ಎಂಜಿನ್ನಿಗೆ ಹೋಗುತ್ತದೆ. ಬೆಲ್ಟ್ ಜೊತೆಗೇ ಟೆನ್ಷನರ್ ಬೇರಿಂಗನ್ನೂ ಹೊಸದು ಹಾಕಿಸುವುದು ಜಾಣತನ.

ಮೂರನೆಯದು ಕೂಲಿಂಗ್. ಚೆನ್ನೈನ ಮೇ ತಿಂಗಳ ಬಿಸಿಲಿನಲ್ಲಿ, ಕತ್ತಿಪಾರ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ, ಎಸಿ ಹಾಕಿಕೊಂಡು ನಿಂತ ಹಳೆ ಕಾರಿನ ರೇಡಿಯೇಟರ್ ಗಟ್ಟಿ ಇರಲೇಬೇಕು. ಹೋಸ್‌ಗಳು, ಥರ್ಮೋಸ್ಟಾಟ್, ಫ್ಯಾನ್ ಮೂರನ್ನೂ ಒಟ್ಟಿಗೆ ನೋಡಿಸಬೇಕು. ಅಲ್ಟೂರಾದಂಥ ಪೆಟ್ರೋಲ್ ಕಾರಾದರೆ ಇಂಧನದ ರಬ್ಬರ್ ಪೈಪುಗಳತ್ತಲೂ ಗಮನ ಬೇಕು. ಈಗ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ. ಆ ಕಾಲದ ಪೈಪು, ವಾಷರುಗಳು ಅದಕ್ಕೆಂದು ತಯಾರಾದವಲ್ಲ.

ಮುಂದಿನ ಅರ್ಧ ಸುಲಭ, ಹಿಂದಿನ ಅರ್ಧ ಕಷ್ಟ

ವ್ಯಾಗನ್ ಕೊಳ್ಳುವವರು ಮರೆಯಬಾರದ ಮಾತಿದು. ಮರಿನಾದ ಮುಂಭಾಗ ಹೆಚ್ಚುಕಡಿಮೆ ಇಂಡಿಗೊ ಸೆಡಾನಿನದೇ. ಕ್ಲಚ್ ಪ್ಲೇಟು, ಬ್ರೇಕ್ ಪ್ಯಾಡು, ಸಸ್ಪೆನ್ಷನ್ ಬುಷ್‌ಗಳು ಇಂಡಿಕಾ ಟ್ಯಾಕ್ಸಿಗಳ ದೆಸೆಯಿಂದ ಇಂದಿಗೂ ಅಂಗಡಿಗಳಲ್ಲಿವೆ. ಬಿಡಿಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆಯಂತೆ ಚೆನ್ನೈಗೆ ಜನರಲ್ ಪ್ಯಾಟರ್ಸ್ ರಸ್ತೆ. ಶಿವಾಜಿನಗರದ ಗುಜರಿ ಬೀದಿಗಳಂತೆ ಎಗ್ಮೋರ್ ಹತ್ತಿರದ ಪುದುಪೇಟೆ. ಅಲ್ಲಿ ಕಳಚಿದ ಕಾರುಗಳ ಬಾಗಿಲು, ಬಂಪರು, ಗೇರ್‌ಬಾಕ್ಸು ಅಟ್ಟಿ ಅಟ್ಟಿಯಾಗಿ ಇರುತ್ತವೆ. ಕೊಂಡದ್ದಕ್ಕೆ ಬಿಲ್ ಕೇಳಿ ಪಡೆಯಬೇಕು. ಬ್ರೇಕ್, ಸ್ಟೀರಿಂಗ್ ಭಾಗಗಳನ್ನು ಮಾತ್ರ ಹಳೆಯದು ಹಾಕಿಸಬಾರದು.

ಹಿಂಬಾಗಿಲಿನ ಗಾಜು, ಪಕ್ಕದ ಉದ್ದ ಗಾಜುಗಳು, ಹಿಂದಿನ ಲೈಟು, ಹಿಂದಿನ ಬಂಪರ್, ಬೀಡಿಂಗ್ ವ್ಯಾಗನ್‌ಗೆಂದೇ ಮಾಡಿದವು, ಸೆಡಾನಿನವು ಕೂರುವುದಿಲ್ಲ. ಮುಂಭಾಗ ಜಜ್ಜಿದ ಮರಿನಾವನ್ನು ಸರಿಮಾಡಬಹುದು. ಹಿಂದಿನ ಗಾಜು ಒಡೆದದ್ದನ್ನು ಕೊಂಡರೆ ತಿಂಗಳುಗಟ್ಟಲೆ ಅಲೆಯಬೇಕಾದೀತು. ಅಲ್ಟೂರಾ, ಕೋರ್ಸಾ ಸ್ವಿಂಗ್, ಟಾಟಾ ಎಸ್ಟೇಟ್ ಕಡಿಮೆ ಸಂಖ್ಯೆಯಲ್ಲಿ ಉಳಿದಿರುವುದರಿಂದ ಅವುಗಳ ಹುಡುಕಾಟ ಇನ್ನೂ ಕಷ್ಟ.

ಕಾರಿನ ಬೆಲೆಯಷ್ಟೇ ಹಣವನ್ನು ಮೊದಲ ವರ್ಷದ ರಿಪೇರಿಗೆಂದು ತೆಗೆದಿಡಲು ಆಗುವುದಾದರೆ, ತಗಡು ಗಟ್ಟಿ ಇದ್ದು ದಾಖಲೆ ಶುದ್ಧವಿದ್ದರೆ, ವ್ಯಾಗನ್ ಕೊಳ್ಳುವುದು ಒಳ್ಳೆಯ ನಿರ್ಧಾರ. ಇಷ್ಟು ಸಾಮಾನು ಹೊತ್ತು, ಸೆಡಾನಿನಷ್ಟೇ ನೆಮ್ಮದಿಯಾಗಿ ಓಡುವ ಕಾರು ಈ ಬೆಲೆಗೆ ಬೇರೆ ಇಲ್ಲ. ಈ ಮೂರರಲ್ಲಿ ಒಂದರ ಕೊರತೆಯಿದ್ದರೂ ಬಿಟ್ಟು ಬರುವುದೇ ಸರಿ. ಮನೆಯಲ್ಲಿ ಕೆಟ್ಟು ನಿಂತ ಮರಿನಾವನ್ನೋ ಅಲ್ಟೂರಾವನ್ನೋ ತೂಕಕ್ಕೆ ಹಾಕಲು ಹೊರಟಿರುವವರಲ್ಲಿ ಒಂದು ವಿನಂತಿ: ಗುಜರಿಯವರಿಗೆ ಹೇಳುವ ಮೊದಲು, ಅದೇ ಮಾದರಿಯನ್ನು ಇನ್ನೂ ಓಡಿಸುತ್ತಿರುವವರಿಗೆ ಸುದ್ದಿ ಮುಟ್ಟಿಸಿ. ಆ ಕಾರಿನ ಹಿಂದಿನ ಗಾಜಿಗಾಗಿ ಯಾರೋ ಊರೂರು ಹುಡುಕುತ್ತಿರುತ್ತಾರೆ.