ಮನೆಯ ವೈ-ಫೈ ಮತ್ತು ಅಂತರಜಾಲ ಸಂಪರ್ಕದಲ್ಲಿನ ಅಡಚಣೆಗಳು: ಆನ್‌ಲೈನ್ ಅರ್ಜಿದಾರರಿಗೆ ಮಾಹಿತಿ

ಜಾತಿ ಮತ್ತು ಆದಾಯ ಪ್ರಮಾಣಪತ್ರ, ವಿದ್ಯಾರ್ಥಿವೇತನ, ಸಾಮಾಜಿಕ ಭದ್ರತಾ ಪಿಂಚಣಿ ಮುಂತಾದ ಅನೇಕ ಸೇವೆಗಳಿಗೆ ಸಾರ್ವಜನಿಕರು ತಮ್ಮ ಮನೆಯಿಂದಲೇ ಅಂತರಜಾಲದ ಮೂಲಕ ಅರ್ಜಿ ಸಲ್ಲಿಸಲು ಅವಕಾಶ ಕಲ್ಪಿಸಲಾಗಿರುತ್ತದೆ. ಆದರೆ ಅರ್ಜಿಯನ್ನು ಭರ್ತಿ ಮಾಡುತ್ತಿರುವಾಗಲೇ ಸಂಪರ್ಕ ಕಡಿದುಹೋಗುವುದು, ಶುಲ್ಕ ಪಾವತಿಯ ಹಂತದಲ್ಲಿ ಪರದೆ ಸ್ತಬ್ಧವಾಗುವುದು ಇವು ಅರ್ಜಿದಾರರಿಗೆ ಹೊಸತಲ್ಲ. ಕೊನೆಯ ದಿನದಂದು ಹೀಗಾದಲ್ಲಿ ವಿದ್ಯಾರ್ಥಿಯೊಬ್ಬನಿಗೆ ಆ ವರ್ಷದ ನೆರವೇ ಕೈತಪ್ಪುವ ಸಂಭವವಿರುತ್ತದೆ. ಇಂತಹ ಅಡಚಣೆಗಳಲ್ಲಿ ಅನೇಕವನ್ನು ತಂತ್ರಜ್ಞರ ನೆರವಿಲ್ಲದೆ ಮನೆಯವರೇ ಸರಿಪಡಿಸಿಕೊಳ್ಳಬಹುದಾಗಿದ್ದು, ಆ ಬಗ್ಗೆ ಅಗತ್ಯ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ.

ದೋಷವಿರುವ ಸ್ಥಳವನ್ನು ಗುರುತಿಸುವುದು

ಅರ್ಜಿದಾರರ ಗಣಕಯಂತ್ರದಿಂದ ಇಲಾಖೆಯ ಜಾಲತಾಣದವರೆಗಿನ ದಾರಿಯಲ್ಲಿ ನಾಲ್ಕು ಕೊಂಡಿಗಳಿವೆ. ಗಣಕಯಂತ್ರ ಅಥವಾ ಮೊಬೈಲ್ ಮೊದಲನೆಯದು. ಮನೆಯ ರೂಟರ್ ಎರಡನೆಯದು. ಸೇವೆ ಒದಗಿಸುವ ಸಂಸ್ಥೆಯ ತಂತಿ ಮತ್ತು ಅದರ ಕೇಂದ್ರ ಮೂರನೆಯದು. ಇಲಾಖೆಯ ಜಾಲತಾಣ ಕೊನೆಯದು. ಯಾವ ಕೊಂಡಿ ಕಳಚಿದೆಯೆಂದು ತಿಳಿಯದೆ ರೂಟರನ್ನು ಮತ್ತೆ ಮತ್ತೆ ಆರಿಸಿ ಹಾಕುವುದರಿಂದ ಸಮಯ ವ್ಯರ್ಥವಾಗುವುದೇ ಹೆಚ್ಚು.

ಇದಕ್ಕೆ ಸುಲಭವಾದ ಪರೀಕ್ಷೆಯೊಂದಿದೆ. ಮೊಬೈಲ್ ದೂರವಾಣಿಯಲ್ಲಿ ವೈ-ಫೈ ಅನ್ನು ಆರಿಸಿ, ಮೊಬೈಲ್ ಡೇಟಾ ಮೂಲಕ ಅದೇ ಜಾಲತಾಣವನ್ನು ತೆರೆದು ನೋಡಬೇಕು. ಅದರಲ್ಲಿ ತೆರೆದುಕೊಂಡು, ಮನೆಯ ಸಂಪರ್ಕದಲ್ಲಿ ತೆರೆಯದಿದ್ದರೆ ದೋಷ ಮೊದಲ ಮೂರು ಕೊಂಡಿಗಳಲ್ಲಿರುತ್ತದೆ. ಎರಡರಲ್ಲಿಯೂ ತೆರೆಯದೆ, ಬೇರೆ ಜಾಲತಾಣಗಳು ಮಾತ್ರ ಸರಾಗವಾಗಿ ತೆರೆಯುತ್ತಿದ್ದಲ್ಲಿ ದೋಷವು ಇಲಾಖೆಯ ಜಾಲತಾಣದ್ದೇ ಆಗಿರುವ ಸಾಧ್ಯತೆ ಹೆಚ್ಚು. ಕೊನೆಯ ದಿನಾಂಕದಂದು ಏಕಕಾಲಕ್ಕೆ ಬಹಳ ಮಂದಿ ಪ್ರವೇಶಿಸಿದಾಗ ಸರ್ಕಾರಿ ಜಾಲತಾಣಗಳು ನಿಧಾನಗೊಳ್ಳುವುದುಂಟು. ಇದನ್ನು ಮರೆಮಾಚಬೇಕಾದ ಅಗತ್ಯವಿಲ್ಲ. ಅಂತಹ ಸಂದರ್ಭದಲ್ಲಿ ದೋಷ ಸಂದೇಶವಿರುವ ಪರದೆಯ ಚಿತ್ರವನ್ನು ದಿನಾಂಕ ಮತ್ತು ವೇಳೆ ಕಾಣುವಂತೆ ತೆಗೆದಿರಿಸಿಕೊಳ್ಳುವುದು ಸೂಕ್ತ. ಮುಂದೆ ಮನವಿ ಸಲ್ಲಿಸಬೇಕಾಗಿ ಬಂದಲ್ಲಿ ಅದು ದಾಖಲೆಯಾಗಿ ಒದಗುತ್ತದೆ.

ಪೆಟ್ಟಿಗೆಯ ದೀಪಗಳು ತಿಳಿಸುವುದೇನು

ಈಗ ಬಹುತೇಕ ಹೊಸ ಸಂಪರ್ಕಗಳನ್ನು ಗಾಜಿನ ಎಳೆಯ ಮೂಲಕ, ಅಂದರೆ ಫೈಬರ್ ಮೂಲಕ ನೀಡಲಾಗುತ್ತಿದೆ. ಗೋಡೆಗೆ ಜೋಡಿಸಿದ ಚಿಕ್ಕ ಪೆಟ್ಟಿಗೆಯು ಬೆಳಕಿನ ಸಂಕೇತವನ್ನು ಅಂತರಜಾಲದ ಸಂಕೇತವಾಗಿ ಪರಿವರ್ತಿಸುತ್ತದೆ. ಅನೇಕ ಮನೆಗಳಲ್ಲಿ ಇದೇ ಪೆಟ್ಟಿಗೆ ರೂಟರ್ ಕೂಡ ಆಗಿರುತ್ತದೆ. ಅದರ ಮೇಲಿನ 'ಪಾನ್' ಎಂಬ ದೀಪ ಸ್ಥಿರವಾಗಿ ಬೆಳಗುತ್ತಿದ್ದರೆ ಕೇಂದ್ರದಿಂದ ಬೆಳಕು ಸರಿಯಾಗಿ ತಲುಪುತ್ತಿದೆ ಎಂದರ್ಥ. 'ಎಲ್‌ಒಎಸ್' ಎಂಬ ದೀಪ ಕೆಂಪಾಗಿ ಮಿನುಗುತ್ತಿದ್ದರೆ ಬೆಳಕೇ ಬರುತ್ತಿಲ್ಲವೆಂದು ತಿಳಿಯಬೇಕು. ಆಗ ಗಣಕಯಂತ್ರದಲ್ಲಿ ಏನನ್ನು ಬದಲಿಸಿದರೂ ಪ್ರಯೋಜನವಾಗುವುದಿಲ್ಲ. ಕೂಡಲೇ ಸೇವಾ ಸಂಸ್ಥೆಗೆ ದೂರು ನೀಡತಕ್ಕದ್ದು.

ದೂರು ನೀಡುವ ಮುನ್ನ ಮನೆಯೊಳಗಿನ ಎಳೆಯನ್ನು ಒಮ್ಮೆ ಕಣ್ಣಾಡಿಸಿ ನೋಡಬಹುದು. ಬಾಗಿಲ ಸಂದಿಗೆ ಸಿಲುಕಿದ, ಮೇಜಿನ ಕಾಲಿನಡಿ ಒತ್ತಿದ ಅಥವಾ ಬಿಗಿಯಾಗಿ ಸುತ್ತಿ ಕಟ್ಟಿದ ಎಳೆಯಲ್ಲಿ ಬೆಳಕು ಸೋರಿಹೋಗುತ್ತದೆ. ಅದನ್ನು ಸಡಿಲಿಸಿದ ಮಾತ್ರಕ್ಕೆ ಸಂಪರ್ಕ ಮರಳುವುದೂ ಉಂಟು. ಮಲೆನಾಡು ಹಾಗೂ ಕರಾವಳಿಯ ಗ್ರಾಮಗಳಲ್ಲಿ ಎಳೆಯನ್ನು ಕಂಬದಿಂದ ಕಂಬಕ್ಕೆ, ಕೆಲವೆಡೆ ಮರದಿಂದ ಮರಕ್ಕೆ ಎಳೆದಿರುವುದರಿಂದ, ಮಳೆಗಾಲದಲ್ಲಿ ಕೊಂಬೆ ಬಿದ್ದು ತುಂಡಾಗುವುದು ಸಾಮಾನ್ಯ. ಅಂಗಳದಾಚೆ ಎಳೆ ಜೋತುಬಿದ್ದಿರುವುದು ಕಂಡಲ್ಲಿ ಆ ಸ್ಥಳವನ್ನು ದೂರಿನಲ್ಲಿಯೇ ತಿಳಿಸಿದರೆ ದುರಸ್ತಿ ಸಿಬ್ಬಂದಿಗೆ ಹುಡುಕಾಟ ತಪ್ಪುತ್ತದೆ. ವಿದ್ಯುತ್ ಕಂಬದ ಮೇಲಿರುವ ಯಾವುದನ್ನೂ ಸ್ವತಃ ಮುಟ್ಟಕೂಡದು.

ಎಳೆಯ ತುದಿಯನ್ನು ಬಿಡಿಸಿ ಸೆರಗಿನಿಂದಲೋ ಪಂಚೆಯ ಅಂಚಿನಿಂದಲೋ ಒರೆಸಬಾರದು. ಕಣ್ಣಿಗೆ ಕಾಣದಷ್ಟು ಸಣ್ಣ ಧೂಳಿನ ಕಣವೂ ಬೆಳಕನ್ನು ತಡೆಯುತ್ತದೆ. ಇದಕ್ಕಿಂತ ಮುಖ್ಯವಾಗಿ, ಬಿಚ್ಚಿದ ತುದಿಯನ್ನು ಕಣ್ಣಿನ ಮುಂದೆ ಹಿಡಿದು ನೋಡಬಾರದು. ಅದರಲ್ಲಿ ಹರಿಯುವ ಲೇಸರ್ ಕಿರಣ ಕಣ್ಣಿಗೆ ಕಾಣದಂತಹುದು. ಕಾಣುತ್ತಿಲ್ಲವೆಂದ ಮಾತ್ರಕ್ಕೆ ಅಪಾಯವಿಲ್ಲವೆಂದು ಭಾವಿಸುವಂತಿಲ್ಲ.

ಪುನರಾರಂಭವೇ ಬೇರೆ, ರೀಸೆಟ್ ಬೇರೆ

ದೀಪಗಳೆಲ್ಲವೂ ಸರಿಯಿದ್ದು ಜಾಲತಾಣಗಳು ಮಾತ್ರ ತೆರೆಯದಿದ್ದಲ್ಲಿ ಫೈಬರ್ ಪೆಟ್ಟಿಗೆ ಹಾಗೂ ರೂಟರ್ ಎರಡರ ವಿದ್ಯುತ್ತನ್ನೂ ಆರಿಸಿ, ಸುಮಾರು 30 ಸೆಕೆಂಡುಗಳ ನಂತರ ಮೊದಲು ಫೈಬರ್ ಪೆಟ್ಟಿಗೆಯನ್ನು ಹಾಕಬೇಕು. ಅದರ ದೀಪಗಳು ಸ್ಥಿರಗೊಳ್ಳಲು ಎರಡು ಮೂರು ನಿಮಿಷ ಬೇಕಾಗುತ್ತದೆ. ಆ ಬಳಿಕವೇ ರೂಟರನ್ನು ಹಾಕತಕ್ಕದ್ದು. ದೀಪಗಳು ಇನ್ನೂ ಮಿನುಗುತ್ತಿರುವಾಗಲೇ ಸಹನೆಗೆಟ್ಟು ಮತ್ತೊಮ್ಮೆ ಆರಿಸಿದರೆ ಎಲ್ಲವೂ ಮೊದಲಿನಿಂದ ಆರಂಭವಾಗುತ್ತದೆ.

ರೂಟರ್‌ನ ಹಿಂಬದಿಯಲ್ಲಿ ಪಿನ್ನಿನಿಂದ ಒತ್ತಬೇಕಾದ ಒಂದು ಸಣ್ಣ ರಂಧ್ರವಿರುತ್ತದೆ. ಅದನ್ನು ಕೆಲವು ಸೆಕೆಂಡುಗಳ ಕಾಲ ಒತ್ತಿ ಹಿಡಿದಲ್ಲಿ ರೂಟರ್ ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳಿ, ಸೇವಾ ಸಂಸ್ಥೆಯ ಸಿಬ್ಬಂದಿ ನಮೂದಿಸಿದ್ದ ಬಳಕೆದಾರರ ಹೆಸರು, ಗುಪ್ತಪದಗಳೆಲ್ಲವೂ ಅಳಿಸಿಹೋಗುತ್ತವೆ. ಅವುಗಳನ್ನು ಬರೆದಿಟ್ಟುಕೊಂಡಿರದಿದ್ದರೆ ಸಿಬ್ಬಂದಿ ಮರಳಿ ಬರುವವರೆಗೆ ಸಂಪರ್ಕವಿರುವುದಿಲ್ಲ. ಅರ್ಜಿಯ ಕೊನೆಯ ದಿನದಂದು ಈ ರಂಧ್ರದ ಗೊಡವೆಗೆ ಹೋಗದಿರುವುದೇ ಲೇಸು.

ಗೆರೆಗಳು ಪೂರ್ತಿ ಇದ್ದರೂ ಅಂತರಜಾಲವಿಲ್ಲದಿರುವುದು

ಪರದೆಯ ಮೇಲೆ ಕಾಣುವ ವೈ-ಫೈ ಗೆರೆಗಳು ಗಣಕಯಂತ್ರ ಮತ್ತು ರೂಟರ್ ನಡುವಿನ ಸಂಪರ್ಕವನ್ನು ಮಾತ್ರ ಸೂಚಿಸುತ್ತವೆ. ರೂಟರ್‌ನಿಂದಾಚೆಗಿನ ಸ್ಥಿತಿಯನ್ನು ಅವು ತಿಳಿಸುವುದಿಲ್ಲ. ಮಾಸಿಕ ಬಾಕಿ ಪಾವತಿಸದೆ ಸೇವೆ ನಿಂತಿದ್ದಾಗಲೂ ಗೆರೆಗಳು ಪೂರ್ತಿಯಾಗಿಯೇ ಕಾಣುತ್ತವೆ. ಆದುದರಿಂದ ಯೋಜನೆಯ ಅವಧಿ ಮುಗಿದಿದೆಯೇ, ನಿಗದಿತ ಬಳಕೆಯ ಮಿತಿ ಮೀರಿ ವೇಗ ತಗ್ಗಿಸಲಾಗಿದೆಯೇ ಎಂಬುದನ್ನು ಮೊದಲು ಪರಿಶೀಲಿಸಬೇಕು. ಭಾರತದಲ್ಲಿ 2023ರ ಪರಿಷ್ಕರಣೆಯಂತೆ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಸೆಕೆಂಡಿಗೆ ಕನಿಷ್ಠ 2 ಮೆಗಾಬಿಟ್ ವೇಗವಿರಬೇಕು. ಸಾಮಾನ್ಯ ಅರ್ಜಿ ನಮೂನೆ ಭರ್ತಿ ಮಾಡಲು ಅಷ್ಟು ವೇಗ ಸಾಕಾಗುತ್ತದೆ.

ಗಣಕಯಂತ್ರದ ಜಾಲ ವಿವರಗಳಲ್ಲಿ ಐಪಿ ವಿಳಾಸವು 169.254 ಎಂದು ಆರಂಭವಾಗಿದ್ದಲ್ಲಿ, ಅದಕ್ಕೆ ರೂಟರ್‌ನಿಂದ ವಿಳಾಸ ದೊರೆತಿಲ್ಲವೆಂದು ಅರ್ಥ. ವೈ-ಫೈ ಸಂಪರ್ಕವನ್ನು ಬಿಡಿಸಿ ಪುನಃ ಜೋಡಿಸಿದರೆ ಇದು ಸಾಮಾನ್ಯವಾಗಿ ಸರಿಹೋಗುತ್ತದೆ.

ಗೋಡೆಯಾಚೆಯ ಕೋಣೆಯಲ್ಲಿ ಮಾತ್ರ ಸಂಪರ್ಕ ದುರ್ಬಲವಾಗಿದ್ದರೆ ಅದು ತರಂಗಗಳ ವಿಷಯ. ಬಹುತೇಕ ರೂಟರ್‌ಗಳು 2.4 ಹಾಗೂ 5 ಗಿಗಾಹರ್ಟ್ಸ್ ಎಂಬ ಎರಡು ತರಂಗಾಂತರ ಪಟ್ಟಿಗಳಲ್ಲಿ ಕೆಲಸ ಮಾಡುತ್ತವೆ. ಮೊದಲನೆಯದು ದೂರ ತಲುಪುತ್ತದೆ, ಆದರೆ ನೆರೆಮನೆಯ ರೂಟರ್ ಹಾಗೂ ಮೈಕ್ರೋವೇವ್ ಒಲೆಗಳಿಂದ ಅದಕ್ಕೆ ಅಡ್ಡಿಯಾಗುತ್ತದೆ. ಎರಡನೆಯದು ವೇಗವಾದದ್ದು, ಆದರೆ ಗೋಡೆಗಳನ್ನು ದಾಟುವಾಗ ಬೇಗ ಕ್ಷೀಣಿಸುತ್ತದೆ. ಕಲ್ಲಿನ ದಪ್ಪ ಗೋಡೆಗಳ ಹಳೆಯ ಮನೆಗಳಲ್ಲಿ 2.4 ಗಿಗಾಹರ್ಟ್ಸ್ ಆರಿಸಿಕೊಳ್ಳುವುದು ಉತ್ತಮ. ರೂಟರನ್ನು ಉಕ್ಕಿನ ಬೀರುವಿನ ಹಿಂದೆ ಅಥವಾ ದೂರದರ್ಶನ ಪೆಟ್ಟಿಗೆಯ ಮರೆಯಲ್ಲಿ ಇರಿಸದೆ, ಮನೆಯ ನಡುಭಾಗದಲ್ಲಿ ಎತ್ತರದ ಜಾಗದಲ್ಲಿ ಇರಿಸಬೇಕು. ಅರ್ಜಿ ಸಲ್ಲಿಸುವ ಹೊತ್ತಿಗೆ ಗಣಕಯಂತ್ರವನ್ನು ಲ್ಯಾನ್ ತಂತಿಯಿಂದ ನೇರವಾಗಿ ರೂಟರ್‌ಗೆ ಜೋಡಿಸಿದರೆ ಈ ತೊಡಕುಗಳು ಇಲ್ಲವಾಗುತ್ತವೆ.

ಸರ್ಕಾರಿ ಜಾಲತಾಣ ಮಾತ್ರ ತೆರೆಯದಿದ್ದಾಗ

ಗಣಕಯಂತ್ರದ ಗಡಿಯಾರ ತಪ್ಪಾಗಿರುವುದು ಅನೇಕರ ಗಮನಕ್ಕೆ ಬಾರದ ಕಾರಣ. ಹಳೆಯ ಗಣಕಯಂತ್ರಗಳ ಒಳಗಿನ ಚಿಕ್ಕ ಬ್ಯಾಟರಿ ಸವೆದು ದಿನಾಂಕ ಹಲವು ವರ್ಷ ಹಿಂದಕ್ಕೆ ಸರಿದಿರುತ್ತದೆ. ಸುರಕ್ಷಿತ ಜಾಲತಾಣಗಳ ಪ್ರಮಾಣಪತ್ರಗಳಿಗೆ ನಿಗದಿತ ಅವಧಿಯಿರುವುದರಿಂದ, ತಪ್ಪು ದಿನಾಂಕವಿರುವ ಗಣಕಯಂತ್ರವು ಅವುಗಳನ್ನು ಅಸಿಂಧುವೆಂದು ಪರಿಗಣಿಸಿ, ಸಂಪರ್ಕ ಸುರಕ್ಷಿತವಲ್ಲವೆಂಬ ಎಚ್ಚರಿಕೆಯನ್ನು ತೋರಿಸುತ್ತದೆ. ದಿನಾಂಕ ಮತ್ತು ವೇಳೆಯನ್ನು ಸರಿಪಡಿಸಿದ ಕೂಡಲೇ ಎಚ್ಚರಿಕೆ ಮಾಯವಾಗುತ್ತದೆ. ದಿನಾಂಕ ಸರಿಯಿದ್ದೂ ಎಚ್ಚರಿಕೆ ಕಾಣಿಸಿದಲ್ಲಿ ಅದನ್ನು ಕಡೆಗಣಿಸಿ ಮುಂದುವರಿಯಬಾರದು. ಜಾಲತಾಣದ ವಿಳಾಸವನ್ನು ಅಕ್ಷರಶಃ ಪರಿಶೀಲಿಸಬೇಕು.

ಒಂದು ಬಾರಿಯ ಗುಪ್ತಸಂಖ್ಯೆ, ಅಂದರೆ ಒಟಿಪಿ, ಮೊಬೈಲ್ ಸಂದೇಶವಾಗಿ ಬರುತ್ತದೆ. ಅದು ಬಾರದಿರುವುದಕ್ಕೂ ಮನೆಯ ರೂಟರ್‌ಗೂ ಸಂಬಂಧವಿರುವುದಿಲ್ಲ. ಮೊಬೈಲ್ ಸಂಕೇತ ದೊರೆಯುವ ಸ್ಥಳಕ್ಕೆ ಹೋಗಿ ಕಾಯುವುದೇ ಇದಕ್ಕೆ ಪರಿಹಾರ.

ಶುಲ್ಕ ಪಾವತಿಯ ನಡುವೆ ಸಂಪರ್ಕ ಕಡಿದುಹೋದಲ್ಲಿ ಗಾಬರಿಯಿಂದ ಎರಡನೆಯ ಬಾರಿ ಪಾವತಿಸಬಾರದು. ಮೊದಲು ಬ್ಯಾಂಕ್ ಖಾತೆಯಿಂದ ಹಣ ಕಡಿತವಾಗಿದೆಯೇ ಎಂದು ನೋಡಿ, ವಹಿವಾಟು ಸಂಖ್ಯೆಯನ್ನು ಬರೆದುಕೊಂಡು, ಜಾಲತಾಣದಲ್ಲಿ ಅರ್ಜಿಯ ಸ್ಥಿತಿಯನ್ನು ಪರಿಶೀಲಿಸಬೇಕು. ಹಣ ಕಡಿತವಾಗಿಯೂ ಸ್ವೀಕೃತಿ ದೊರೆಯದಿದ್ದಲ್ಲಿ ಸದರಿ ವಹಿವಾಟು ಸಂಖ್ಯೆಯೊಂದಿಗೆ ಸಹಾಯವಾಣಿಯನ್ನು ಸಂಪರ್ಕಿಸತಕ್ಕದ್ದು.

ನೆರವಿನ ಸೋಗಿನಲ್ಲಿ ಬರುವ ಕರೆಗಳು

ಅಂತರಜಾಲ ಸಂಸ್ಥೆಯವರೆಂದು ಹೇಳಿಕೊಂಡು ಕರೆ ಮಾಡಿ, ಸಂಪರ್ಕ ಸರಿಪಡಿಸುವ ನೆಪದಲ್ಲಿ ಮೊಬೈಲ್‌ನ ಪರದೆಯನ್ನು ದೂರದಿಂದಲೇ ನೋಡಬಲ್ಲ ತಂತ್ರಾಂಶವನ್ನು ಹಾಕಿಸಿಕೊಳ್ಳುವ ವಂಚಕರಿದ್ದಾರೆ. ದುರಸ್ತಿಗಾಗಿ ಬ್ಯಾಂಕಿನ ಅಥವಾ ಆಧಾರ್‌ನ ಒಟಿಪಿಯ ಅವಶ್ಯಕತೆ ಯಾರಿಗೂ ಇರುವುದಿಲ್ಲ. ಹಣ ಕಳೆದುಕೊಂಡಲ್ಲಿ ತಡಮಾಡದೆ ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ರೂಟರ್‌ನೊಂದಿಗೆ ಬಂದ ಮೂಲ ಗುಪ್ತಪದವನ್ನು ಮೊದಲ ದಿನವೇ ಬದಲಿಸಿಕೊಳ್ಳುವುದು ಸೂಕ್ತ.

ದೂರು ಮತ್ತು ಮೇಲ್ಮನವಿ

ಸೇವಾ ಸಂಸ್ಥೆಗೆ ನೀಡಿದ ಪ್ರತಿಯೊಂದು ದೂರಿಗೂ ದೂರು ಸಂಖ್ಯೆಯನ್ನು ಕೇಳಿ ಪಡೆಯಬೇಕು. ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2012ರಲ್ಲಿ ಹೊರಡಿಸಿದ ವಿನಿಯಮಗಳ ರೀತ್ಯಾ ದೂರು ಸಂಖ್ಯೆ ನೀಡುವುದು ಸಂಸ್ಥೆಯ ಕರ್ತವ್ಯವಾಗಿದ್ದು, ಪರಿಹಾರ ದೊರೆಯದ ಗ್ರಾಹಕರು ಅದೇ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಶುಲ್ಕವಿಲ್ಲದೆ ಮನವಿ ಸಲ್ಲಿಸಬಹುದು. ಪ್ರಾಧಿಕಾರವು ವೈಯಕ್ತಿಕ ದೂರುಗಳನ್ನು ತಾನೇ ಇತ್ಯರ್ಥಪಡಿಸುವುದಿಲ್ಲವೆಂಬುದನ್ನು ಗಮನಿಸಬೇಕು.

ಆದರೆ ದೂರಿನ ಇತ್ಯರ್ಥಕ್ಕಾಗಿ ಅರ್ಜಿಯ ದಿನಾಂಕ ಕಾಯುವುದಿಲ್ಲ. ಸಂಪರ್ಕ ಆ ದಿನ ಮರಳುವ ಲಕ್ಷಣವಿಲ್ಲದಿದ್ದರೆ ಮೊಬೈಲ್‌ನ ಹಾಟ್‌ಸ್ಪಾಟ್ ಬಳಸಿ ಅರ್ಜಿ ಸಲ್ಲಿಸಬಹುದು. ಅದೂ ಸಾಧ್ಯವಾಗದಿದ್ದಲ್ಲಿ ಗ್ರಾಮ ಒನ್, ಕರ್ನಾಟಕ ಒನ್ ಅಥವಾ ಬೆಂಗಳೂರು ಒನ್ ಕೇಂದ್ರಗಳಿಗೆ, ಕಂದಾಯ ಪ್ರಮಾಣಪತ್ರಗಳಾದರೆ ನಾಡಕಚೇರಿಗೆ ತೆರಳಬಹುದು. ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ವ್ಯಾಪ್ತಿಯ ಸೇವೆಗಳಿಗೆ ಅರ್ಜಿ ಸ್ವೀಕೃತವಾದ ಬಳಿಕವೇ ಕಾಲಮಿತಿಯ ಎಣಿಕೆ ಆರಂಭವಾಗುವುದರಿಂದ, ಎಲ್ಲಿಯೇ ಸಲ್ಲಿಸಿದರೂ ಸ್ವೀಕೃತಿ ಸಂಖ್ಯೆಯನ್ನು ಪಡೆದೇ ಮರಳಬೇಕು. ಹೋಗುವಾಗ ಮೂಲ ದಾಖಲೆಗಳೊಂದಿಗೆ, ಒಟಿಪಿ ಬರುವ ಮೊಬೈಲ್ ದೂರವಾಣಿಯನ್ನೂ ಮರೆಯದೆ ಕೊಂಡೊಯ್ಯತಕ್ಕದ್ದು.