ತಬ್ಬಲಿ ಕುರಿಮರಿ: ಮೊದಲು ಬೆಚ್ಚಗೆ ಮಾಡಿ, ಆಮೇಲೆ ಬಾಟ್ಲಿ ಹಿಡಿಯಿರಿ

ಕಳೆದ ಚಳಿಗಾಲದಲ್ಲಿ ಎರಡು ದಿನ ಇದ್ದು ಬರೋಣ ಅಂತ ಶಿರಾ ಹತ್ತಿರದ ಸೋದರಮಾವನ ಮನೆಗೆ ಹೋಗಿದ್ದೆ. ಹೋದ ರಾತ್ರಿಯೇ ಒಂದು ಕುರಿ ಅವಳಿ ಮರಿ ಹಾಕಿ ಸತ್ತುಹೋಯ್ತು. ಬೆಳಗಿನ ಜಾವ ರೊಪ್ಪಕ್ಕೆ ಹೋದರೆ ಎರಡೂ ಮರಿ ಚಳಿಗೆ ಮುದುಡಿ ಬಿದ್ದಿದ್ದವು.

ಮಾವ ಬರುವ ಮೊದಲೇ ನಾನು ಒಂದು ಮರಿಯನ್ನು ಕೂಸಿನ ಹಾಗೆ ತೊಡೆ ಮೇಲೆ ಅಂಗಾತ ಮಲಗಿಸಿ ಬಾಟ್ಲಿ ಹಾಲು ಹಿಂಡಿದೆ. ಅದು ಚೀಪಲಿಲ್ಲ. ಕೆಮ್ಮಿತು, ಮೂಗಲ್ಲಿ ಹಾಲು ಬಂತು. ಸ್ವಲ್ಪ ಹೊತ್ತಿಗೆ ಉಸಿರು ನಿಂತಿತು.

ಮಾವ ಬೈಯಲಿಲ್ಲ. ಇನ್ನೊಂದು ಮರಿಯ ಬಾಯೊಳಗೆ ನನ್ನ ಬೆರಳು ಇಡಿಸಿದರು. "ನೋಡು, ಬಾಯಿ ತಣ್ಣಗೈತೆ. ಕತ್ತು ಎತ್ತಕ್ಕೂ ಆಗ್ತಿಲ್ಲ. ಇಂಥದಕ್ಕೆ ಹಾಲು ಹುಯ್ದ್ರೆ ಶ್ವಾಸಕೋಶಕ್ಕೆ ಹೋಯ್ತದೆ ಕಣಪ್ಪ. ಮೊದ್ಲು ಬೆಚ್ಚಗೆ ಮಾಡು."

ಒಣ ಗೋಣಿಯಲ್ಲಿ ಮೈ ಉಜ್ಜಿ, ಕಂಬಳಿ ಹೊದಿಸಿ, ಬಿಸಿನೀರಿನ ಬಾಟ್ಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟೆವು. ಬಾಯಿ ಬೆಚ್ಚಗಾಗಿ ಮರಿ ಕತ್ತು ಎತ್ತಿದ ಮೇಲೆ, ಅದೇ ರಾತ್ರಿ ಈದಿದ್ದ ಇನ್ನೊಂದು ಕುರಿಯ ಗಿಣ್ಣು ಹಾಲನ್ನು ಅತ್ತೆ ಕರೆದು ತಂದರು. ಈ ಸಲ ಮರಿ ಬಾಲ ಅಲ್ಲಾಡಿಸುತ್ತಾ ಚೀಪಿತು.

ಅವತ್ತು ಕಲಿತದ್ದು ಇಷ್ಟು:

• ಗಿಣ್ಣು ಹಾಲು: ಹುಟ್ಟಿದ ಮೊದಲ ಎರಡು ಗಂಟೆಯೊಳಗೆ ಕೊಟ್ಟರೆ ಒಳ್ಳೇದು. ರೋಗ ತಡೆಯುವ ಶಕ್ತಿ ಮರಿಗೆ ಬರೋದು ಇದರಿಂದಲೇ. 24 ಗಂಟೆ ಕಳೆದ ಮೇಲೆ ಕರುಳು ಅದನ್ನು ಹೀರಿಕೊಳ್ಳುವುದಿಲ್ಲ. 2.5 ಕೆ.ಜಿ. ಮರಿಗೆ ಮೊದಲ ದಿನ ಕಡಿಮೆ ಅಂದ್ರೂ 250 ಮಿ.ಲೀ. ಬೇಕು. ಹೆಚ್ಚಾದದ್ದನ್ನು ಫ್ರೀಜರ್‌ನಲ್ಲಿಡಿ, ಬೇಕಾದಾಗ ಉಗುರುಬೆಚ್ಚಗಿನ ನೀರಲ್ಲಿಟ್ಟು ಕರಗಿಸಿ. ಒಲೆ ಮೇಲೆ ಕಾಯಿಸಿದರೆ ಗುಣ ಹೋಗುತ್ತೆ.

• ಕುಡಿಸುವ ರೀತಿ: ಮರಿ ನಾಲ್ಕು ಕಾಲ ಮೇಲೆ ನಿಂತಿರಲಿ, ತಲೆ ಸ್ವಲ್ಪ ಮೇಲಿರಲಿ. ಬಾಟ್ಲಿ ಹಿಂಡಬೇಡಿ, ಅದೇ ಚೀಪಲಿ.

• ಎಷ್ಟು, ಯಾವಾಗ: ಮೊದಲ ದಿನಗಳಲ್ಲಿ ನಾಲ್ಕು ಗಂಟೆಗೊಮ್ಮೆ 50ರಿಂದ 75 ಮಿ.ಲೀ. ಉಗುರುಬೆಚ್ಚಗಿನ ಹಾಲು. ಮೊಬೈಲ್‌ನಲ್ಲಿ ಅಲಾರಂ ಇಟ್ಕೊಳ್ಳಿ. ರಾತ್ರಿ ಹೊತ್ತು ಮರೆಯೋದೇ ಜಾಸ್ತಿ. ಒಂದೇ ಸಲ ಹೊಟ್ಟೆ ಬಿರಿಯ ಕುಡಿಸಿದರೆ ಭೇದಿ ಹಿಡಿಯುತ್ತೆ.

• ಶುಚಿ: ಪ್ರತಿ ಸಲ ಬಾಟ್ಲಿ, ನಿಪ್ಪಲ್ ಬಿಸಿನೀರಲ್ಲಿ ತೊಳೀರಿ. ಹುಟ್ಟಿದ ಕೂಡಲೇ ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಹಚ್ಚಿ.

• ಮೇವು: ಎರಡು ವಾರ ಆದ ಮೇಲೆ ಎಳೆ ಸೊಪ್ಪು ಮುಂದಿಡಿ, ನಿಧಾನಕ್ಕೆ ಕಡಿಯೋದು ಕಲಿಯುತ್ತೆ.

ಮರಿ ಭೇದಿ ಮಾಡಿದರೆ, ಕುಡಿಯೋದು ನಿಲ್ಲಿಸಿದರೆ ಕಾಯಬೇಡಿ. ಪಶುವೈದ್ಯರನ್ನು ಕರೆಯಿರಿ, ಇಲ್ಲವೇ 1962ಕ್ಕೆ ಫೋನ್ ಮಾಡಿ.

ಮೊನ್ನೆ ಮಾವ ಒಂದು ವಿಡಿಯೋ ಕಳಿಸಿದ್ದರು. ಉಳಿದ ಆ ಮರಿ ಈಗ ಮಂದೆ ಜೊತೆ ಮೇಯುತ್ತಿದೆ. ಅತ್ತೆಯ ದನಿ ಕೇಳಿದರೆ ಮಾತ್ರ ಓಡಿ ಬರುತ್ತೆ. ನೋಡಿ ಖುಷಿಯಾಯ್ತು, ಸತ್ತ ಮರಿಯೂ ನೆನಪಾಯ್ತು. ನಿಮ್ಮ ರೊಪ್ಪದಲ್ಲಿ ತುಂಬಿದ ಕುರಿ ಇದ್ದರೆ ಒಂದು ಬಾಟ್ಲಿ, ಎರಡು ನಿಪ್ಪಲ್ ಇವತ್ತೇ ತಂದಿಟ್ಟುಕೊಳ್ಳಿ. ತಬ್ಬಲಿ ಮರಿ ಸಿಕ್ಕ ದಿನ ಮೊದಲು ಅದರ ಬಾಯಿಗೆ ಬೆರಳಿಟ್ಟು ನೋಡಿ.