ಹೌಳಿನ ಬಳಿ ಕಂಡ ಕಪ್ಪು ಕಲೆ

ಮಸೀದಿಯ ಹೌಳಿನಲ್ಲಿ ವುಳೂ ಮಾಡುವಾಗ ಪಕ್ಕದಲ್ಲಿ ಕೂತವರ ಕಾಲು ಕಣ್ಣಿಗೆ ಬೀಳುವುದು ಸಹಜ. ಫರಂಗಿಪೇಟೆ, ತುಂಬೆ, ಮಾರಿಪಳ್ಳ ಅಂತ ಮನೆ ಮನೆಗೆ ಮೀನು ಮಾರಿ ಮಕ್ಕಳನ್ನು ಸಾಕಿದ ಒಬ್ಬರು ಕಾಕನ ಅಂಗಾಲಿನಲ್ಲಿ ಒಂದು ಕಪ್ಪು ಕಲೆ ಇತ್ತು. "ಎಂಥ ಕಾಕ ಇದು?" ಎಂದು ಒಮ್ಮೆ ಕೇಳಿದ್ದೆ. "ಆಣಿ ಉಸ್ತಾದ್, ಚಪ್ಪಲಿ ತಾಗಿ ಆದದ್ದು" ಅಂದರು. ನಾನೂ ಸುಮ್ಮನಾದೆ. ಎಂಟು ತಿಂಗಳು ಕಳೆದು ಅದು ಒಡೆದು ನೀರು ಸುರಿಯತೊಡಗಿದಾಗ ಮಕ್ಕಳು ಮಂಗಳೂರಿಗೆ ಕರಕೊಂಡು ಹೋದರು. ಚರ್ಮದ ಕ್ಯಾನ್ಸರ್. ಅಷ್ಟರಲ್ಲಿ ತೊಡೆಸಂದಿನ ಗಂಟಿಗೂ ಹರಡಿತ್ತು. ಆಪರೇಷನ್ ಆಗಿದೆ, ಮದ್ದು ಈಗಲೂ ನಡೆಯುತ್ತಿದೆ. "ಅಂದೇ ತೋರಿಸಿದ್ದರೆ" ಎಂದು ಅವರು ಹೇಳುವಾಗ ನನಗೂ ಚುಚ್ಚುತ್ತದೆ. ದಿನಾ ನೋಡಿದವನು ನಾನು.

ನಾನು ಡಾಕ್ಟರಲ್ಲ. ಆಮೇಲೆ ಕೇಳಿ, ಓದಿ ತಿಳಿದುಕೊಂಡದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ನಮಗೂ ಬರುತ್ತದೆ

ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಬಿಸಿಲಿನ ನೇರಳಾತೀತ ಕಿರಣವನ್ನು ಒಂದಷ್ಟು ತಡೆಯುತ್ತದೆ. ಹಾಗಾಗಿ ಬಿಳಿಯರಿಗೆ ಹೋಲಿಸಿದರೆ ನಮ್ಮಲ್ಲಿ ಚರ್ಮದ ಕ್ಯಾನ್ಸರ್ ಬಹಳ ಕಡಿಮೆ. ಆದರೆ ಇಲ್ಲವೇ ಇಲ್ಲ ಎಂದಲ್ಲ. ಅದರಲ್ಲೂ ಮೆಲನೋಮ ಎಂಬ ಅಪಾಯಕಾರಿ ವಿಧ ಕಪ್ಪು, ಕಂದು ಚರ್ಮದವರಿಗೆ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನಡಿಯಲ್ಲಿ ಬರುತ್ತದೆ. ಅದಕ್ಕೆ ಬಿಸಿಲು ಮುಖ್ಯ ಕಾರಣವೂ ಅಲ್ಲ. ಜಮೈಕಾದ ಗಾಯಕ ಬಾಬ್ ಮಾರ್ಲಿಗೆ ಕಾಲ್ಬೆರಳ ಉಗುರಿನಡಿ ಬಂದದ್ದು ಇದೇ. ಫುಟ್‌ಬಾಲ್ ಆಡುವಾಗ ಆದ ಪೆಟ್ಟು ಎಂದುಕೊಂಡಿದ್ದರಂತೆ. 1981ರಲ್ಲಿ ತೀರಿಹೋದಾಗ ವಯಸ್ಸು 36.

ಇನ್ನೊಂದು ವಿಧ ಹಳೆಯ ಗಾಯದಿಂದ ಹುಟ್ಟುವುದು. ಬೆಂಕಿ ಅಥವಾ ಬಿಸಿ ಎಣ್ಣೆ ಬಿದ್ದ ಹಳೆಯ ಕಲೆ ವರ್ಷಗಳ ನಂತರ ಹುಣ್ಣಾದರೆ ಅಸಡ್ಡೆ ಬೇಡ. ಸೊಂಟದಲ್ಲಿ ಧೋತಿ, ಸೀರೆ ಲಂಗದ ಲಾಡಿ ಬಿಗಿದ ಜಾಗದಲ್ಲಿ ವರ್ಷಾನುಗಟ್ಟಲೆ ಉಜ್ಜಿ ಬರುವ ಕ್ಯಾನ್ಸರನ್ನು ನಮ್ಮ ದೇಶದ ವೈದ್ಯರು 1940ರ ದಶಕದಲ್ಲೇ ಗುರುತಿಸಿದ್ದಾರೆ. ಲುಂಗಿಗೆ ಬಿಗಿಯಾಗಿ ಬೆಲ್ಟು ಕಟ್ಟುವ ನಮ್ಮ ಹಿರಿಯರೂ ಸೊಂಟದ ಕಡೆ ಒಂದು ಕಣ್ಣಿಡುವುದು ಒಳ್ಳೆಯದು.

ಅಸರ್ ಬಾಂಗಿನ ಲೆಕ್ಕ

ಬಿಸಿಲಿನಿಂದ ಬರುವ ಕ್ಯಾನ್ಸರ್ ಹೆಚ್ಚಾಗಿ ಮುಖ, ಕಿವಿ, ಕುತ್ತಿಗೆ, ಕೆಳತುಟಿಯಲ್ಲಿ. ಹೊಯಿಗೆ ತೆಗೆಯುವವರು, ಕಟ್ಟಡ ಕೆಲಸದವರು, ಬೈಕಿನಲ್ಲಿ ಮೀನು ಮಾರುವವರು, ತೋಟದ ಕೆಲಸದವರು ದಿನವಿಡೀ ಬಿಸಿಲಿನಲ್ಲೇ ಇರುತ್ತಾರೆ. ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಕಿರಣ ಜೋರು. ವಾಚು ಬೇಡ, ನೆರಳು ನೋಡಿದರೆ ಸಾಕು. ನಿಮ್ಮ ನೆರಳು ನಿಮಗಿಂತ ಗಿಡ್ಡ ಇದ್ದರೆ ಬಿಸಿಲು ಅಪಾಯದ್ದು. ನಮ್ಮ ಶಾಫಿಈ ಲೆಕ್ಕದಲ್ಲಿ ವಸ್ತುವಿನ ನೆರಳು ಅದರಷ್ಟೇ ಉದ್ದಕ್ಕೆ ಬೆಳೆದಾಗ ಅಸರ್ ಅಲ್ಲವೇ? ಹಾಗಾದರೆ ಅಸರ್ ಬಾಂಗಿನವರೆಗೆ ಜಾಗ್ರತೆ ಎಂದು ಮಕ್ಕಳಿಗೂ ಸುಲಭದಲ್ಲಿ ಹೇಳಬಹುದು. ತೆಳು ಮೋಡ ಇದ್ದರೂ ಕಿರಣ ಇಳಿಯುತ್ತದೆ. ನೀರು, ಹೊಯಿಗೆಯಿಂದಲೂ ತಿರುಗಿ ಬಂದು ಮುಖಕ್ಕೆ ತಾಗುತ್ತದೆ.

ನಮಾಝಿನ ಟೊಪ್ಪಿಯಾಗಲಿ, ಮುಟ್ಟಾಳೆಯಾಗಲಿ ಕಿವಿ, ಕುತ್ತಿಗೆಯನ್ನು ಮುಚ್ಚುವುದಿಲ್ಲ. ತಲೆಗೆ ಬೈರಾಸು ಹೊದ್ದು ಎರಡೂ ಕಡೆ ಇಳಿಬಿಟ್ಟರೆ ಮುಚ್ಚುತ್ತದೆ. ದಟ್ಟ ನೇಯ್ಗೆಯ ಉದ್ದ ತೋಳಿನ ಅಂಗಿ ಒಳ್ಳೆಯದು. ತೆರೆದ ಜಾಗಕ್ಕೆ ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್ ಹಚ್ಚಬಹುದು, ಬೆವರುವವರು 2 ಗಂಟೆಗೊಮ್ಮೆ ಪುನಃ ಹಚ್ಚಬೇಕು.

ಗಲ್ಫಿನಲ್ಲಿರುವ ಮಕ್ಕಳಿಗೂ ಫೋನಿನಲ್ಲಿ ಇದನ್ನು ಹೇಳಿ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಯಲಿನ ಕೆಲಸ ಮಾಡಿಸುವಂತಿಲ್ಲ. ಸೌದಿಯಲ್ಲೂ ಅದೇ ತಿಂಗಳುಗಳಲ್ಲಿ 12ರಿಂದ 3ರವರೆಗೆ ಇಂಥದ್ದೇ ನಿಯಮ ಉಂಟು. ಅದು ಅವರ ಹಕ್ಕು.

ಬಿಳಿ ಮಾಡುವ ಕ್ರೀಮು

ಮನೆಯ ಹೆಂಗಸರಿಗೆ ಒಂದು ಮಾತು. ಬಿಸಿಲಿಗೆ ಕಪ್ಪಾಯಿತು ಎಂದು ಮದುವೆಗೆ ಮೊದಲು ಹುಡುಗಿಯರಿಗೆ ಸಿಕ್ಕಿದ ಕ್ರೀಮು ಹಚ್ಚಿಸಬೇಡಿ. ಕೆಲವದರಲ್ಲಿ ಸ್ಟೀರಾಯ್ಡ್ ಇರುತ್ತದೆ, ಅದು ಚರ್ಮವನ್ನು ತೆಳು ಮಾಡಿ ಬಿಸಿಲು ತಾಳದ ಹಾಗೆ ಮಾಡುತ್ತದೆ. ಕೆಲವದರಲ್ಲಿ ಪಾದರಸ ಇರುತ್ತದೆ, ಅದು ಕಿಡ್ನಿಗೆ ಪೆಟ್ಟು.

ಯಾವಾಗ ತೋರಿಸಬೇಕು?

* 4 ವಾರವಾದರೂ ಮಾಗದ ಹುಣ್ಣು, ಮತ್ತೆ ಮತ್ತೆ ರಕ್ತ ಬರುವ ಗಂಟು.
* ದೊಡ್ಡದಾಗುವ, ಬಣ್ಣ ಬದಲಾಗುವ, ಅಂಚು ಅಂಕುಡೊಂಕಾದ ಮಚ್ಚೆ.
* ಅಂಗಾಲು, ಅಂಗೈಯಲ್ಲಿ ಹೊಸ ಕಪ್ಪು ಕಲೆ, ಒಂದೇ ಉಗುರಿನಲ್ಲಿ ಅಗಲವಾಗುತ್ತಾ ಹೋಗುವ ಕಪ್ಪು ಗೆರೆ.
* ಹಳೆಯ ಸುಟ್ಟ ಕಲೆಯ ಮೇಲೆ ಹೊಸ ಹುಣ್ಣು.

ಇವೆಲ್ಲ ಕ್ಯಾನ್ಸರೇ ಎಂದಲ್ಲ. ಸಕ್ಕರೆ ಕಾಯಿಲೆಯ ಗಾಯವೂ ಇರಬಹುದು, ಅದಕ್ಕೂ ಡಾಕ್ಟರೇ ಬೇಕು. ಸುಣ್ಣ ಹಚ್ಚಿ ಸುಡುವುದು, ಬ್ಲೇಡಿನಲ್ಲಿ ಕೆತ್ತುವುದು ಮಾತ್ರ ಬೇಡ. "ತುಂಡು ತೆಗೆದು ಪರೀಕ್ಷೆ ಮಾಡಿದರೆ ಹರಡುತ್ತದೆ" ಎಂಬ ಹೆದರಿಕೆಗೂ ಆಧಾರ ಇಲ್ಲ. ಬೇಗ ಸಿಕ್ಕಿದರೆ ಹೆಚ್ಚಿನವು ಸಣ್ಣ ಆಪರೇಷನ್‌ನಲ್ಲೇ ಮುಗಿಯುತ್ತವೆ. ಬಂಟ್ವಾಳ ತಾಲೂಕು ಆಸ್ಪತ್ರೆಯಲ್ಲಿ ಮೊದಲು ತೋರಿಸಿ, ಅಲ್ಲಿಂದ ಮಂಗಳೂರಿನ ವೆನ್ಲಾಕ್‌ಗೆ ಹೋಗಬಹುದು. ಕ್ಯಾನ್ಸರ್ ಚಿಕಿತ್ಸೆಗೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯ ಸಹಾಯವೂ ಉಂಟು. ರೇಷನ್ ಕಾರ್ಡ್, ಆಧಾರ್ ಜೊತೆಯಲ್ಲಿಟ್ಟುಕೊಳ್ಳಿ.

ದಿನಕ್ಕೆ ಐದು ಸಲ ನಾವು ಮುಖ, ಕೈ, ಕಾಲು ತೊಳೆಯುತ್ತೇವೆ. ಬೆರಳುಗಳ ಎಡೆಗೂ ನೀರು ಮುಟ್ಟಿಸುತ್ತೇವೆ. ವಾರಕ್ಕೊಮ್ಮೆ, ಜುಮಾ ದಿನ, ಅಂಗಾಲನ್ನು ತಿರುಗಿಸಿ ನೋಡಿದರೆ ಎಂಥ ಕಷ್ಟ? ಕಣ್ಣು ಕಾಣದ ಉಮ್ಮ, ಬಾಗಲಾಗದ ಅಜ್ಜನ ಕಾಲನ್ನು ಮಕ್ಕಳು ನೋಡಲಿ. ಪಕ್ಕದವರ ಕಾಲಿನಲ್ಲಿ ಏನಾದರೂ ಕಂಡರೆ ನನ್ನ ಹಾಗೆ ಸುಮ್ಮನಾಗಬೇಡಿ. ಇನ್ನೊಮ್ಮೆ ಕೇಳಿ. ಬೇಕಾದರೆ ನೀವೇ ಕರಕೊಂಡು ಹೋಗಿ.